ರೆಪ್ಪೆಯ ಮೇಲಣ ಬಣ್ಣ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ನಿಂತ ಗೊಮ್ಮಟನ ಕಣ್ಣಿಗೆ ಕಾಡಿಗೆಯಿಲ್ಲ. ಆ ಅರೆತೆರೆದ ರೆಪ್ಪೆಗಳಿಗೆ ಬಣ್ಣವೂ ಇಲ್ಲ. ಕ್ರಿ.ಶ. 981ರ ಸುಮಾರಿನಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಮಾಡಿಸಿದ ಸುಮಾರು 58 ಅಡಿಯ ಆ ಮೂರ್ತಿಗೆ ಉಡುಗೆಯೇ ಇಲ್ಲವೆಂದ ಮೇಲೆ ತೊಡುಗೆಯ ಮಾತೆಲ್ಲಿಯದು? ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕ ನಡೆಯುವಾಗ ಮಾತ್ರ ಆ ಕಲ್ಲಿಗೂ ಬಣ್ಣದ ಯೋಗ ಬರುತ್ತದೆ. 2018ರ ಫೆಬ್ರವರಿಯಲ್ಲಿ ಅದನ್ನು ಕಣ್ಣಾರೆ ಕಂಡವರು ಬಹಳ ಮಂದಿ. ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಯ ಹಿಟ್ಟು, ಅರಿಸಿನ, ಕಷಾಯ, ಗಂಧ ಒಂದರ ಹಿಂದೊಂದು ಸುರಿದಂತೆಲ್ಲ ಮೂರ್ತಿ ಬೆಳ್ಳಗಾಗಿ, ಹಳದಿಯಾಗಿ, ಕೆಂಪಾಗಿ ತೋರುತ್ತದೆ. ಆಮೇಲೆ ನೀರು ಬೀಳುತ್ತದೆ. ಕಲ್ಲು ಮತ್ತೆ ತನ್ನ ಬಣ್ಣಕ್ಕೆ ಬರುತ್ತದೆ.

ಆದರೆ ಬೆಟ್ಟದ ಕೆಳಗೆ ಊರೊಂದಿದೆಯಲ್ಲವೆ? ಅಲ್ಲಿ ಬಳೆಯ ಅಂಗಡಿಯಿದೆ, ಕುಂಕುಮದ ಅಂಗಡಿಯಿದೆ, ಯಾತ್ರೆಗೆ ಬಂದ ಹೆಣ್ಣುಮಕ್ಕಳು ನಿಂತು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವುದೂ ಇದೆ. ತ್ಯಾಗಿಗಳ ಊರೆಂದು ಬೆಳಗೊಳವನ್ನು ಕರೆಯುವವರು, ಈ ಊರಿನ ಎರಡು ಹೆಸರಾಂತ ಬಸದಿಗಳನ್ನು ಕಟ್ಟಿಸಿದವರು ಅರಮನೆಯ ವೈಭವವನ್ನು ಕಂಡ ಹೆಂಗಸರೆಂಬುದನ್ನು ಮರೆಯಬಾರದು. ಚಿಕ್ಕಬೆಟ್ಟದ ಮೇಲಣ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದವಳು ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ. ಗೀತ ನೃತ್ಯಗಳಲ್ಲಿ ಅವಳಿಗಿದ್ದ ಪ್ರಾವೀಣ್ಯವನ್ನು ಶಾಸನಗಳು ಬಾಯಿ ತುಂಬ ಹೊಗಳಿವೆ. ಬಸದಿಯ ಹೆಸರೇ ಅವಳ ಬಿರುದು: ಸವತಿಯರ ಪಾಲಿಗೆ ಮದ್ದಾನೆ! ಊರೊಳಗಿನ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ. ಇವರು ಕನ್ನಡಿ ನೋಡದೆ ಬಾಳಿದವರೆಂದು ಯಾರೂ ಹೇಳಲಾರರು. ಇದೇ ಹಾಸನ ಜಿಲ್ಲೆಯ ಬೇಲೂರಿನ ದರ್ಪಣಸುಂದರಿ ಅಷ್ಟು ಶತಮಾನಗಳಿಂದ ನೋಡುತ್ತಿರುವುದಾದರೂ ಏನನ್ನು? ಹಾಗೆಂದು ಶಾಂತಲೆಯ ತಾಯಿ ಮಾಚಿಕಬ್ಬೆಯನ್ನೂ ಮರೆಯುವಂತಿಲ್ಲ. ಮಗಳು ತೀರಿಕೊಂಡ ಮೇಲೆ ಆಕೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. ತೊಡುವವರೂ ಬಿಡುವವರೂ ಇಲ್ಲಿ ಒಂದೇ ಮನೆಯವರು.

ಇಂಥ ಊರಿನ ಒಂದು ಮನೆಗೆ ಡಿಯೋರ್ ಎಂಬ ಫ್ರೆಂಚ್ ಕಂಪೆನಿಯ ಪುಟ್ಟ ಪೆಟ್ಟಿಗೆಯೊಂದು ಬಂದಿತೆಂದು ಊಹಿಸಿಕೊಳ್ಳಬಹುದು. ಬರುವುದೇನೂ ಕಷ್ಟವಲ್ಲ. 2017ರಿಂದ ಬೆಂಗಳೂರಿಗೂ ಹಾಸನಕ್ಕೂ ನಡುವೆ ಬೆಳಗೊಳದ ಮೇಲೆ ಹಾಯ್ದು ರೈಲು ಓಡುತ್ತಿದೆ. ಬೆಂಗಳೂರಿನ ಮಾಲುಗಳಲ್ಲಿ ಇಂಥ ಪೆಟ್ಟಿಗೆ ಗಾಜಿನ ಕಪಾಟಿನೊಳಗೆ ಕುಳಿತಿರುತ್ತದೆ. ಅಂಗೈಗಿಂತ ಚಿಕ್ಕದು, ಕಡುನೀಲಿ ಬಣ್ಣದ್ದು. ಮುಚ್ಚಳ ತೆರೆದರೆ ಒಳಗೊಂದು ಕನ್ನಡಿ, ಕನ್ನಡಿಯ ಕೆಳಗೆ ಐದು ಬಣ್ಣದ ಪುಡಿಗಳ ಬಿಲ್ಲೆಗಳು. ಐ ಶ್ಯಾಡೋ ಎಂದು ಅಂಗಡಿಯವರು ಕರೆಯುವ ರೆಪ್ಪೆಯ ಬಣ್ಣ ಅದು. ಬೆಲೆ ಐದು ಸಾವಿರ ರೂಪಾಯಿಗೂ ಮೇಲೆ. ಅಂಥ ಪೆಟ್ಟಿಗೆಯನ್ನು ತನ್ನ ಮದುವೆಗೆಂದು ತಂದ ಮಗಳು, ಬೆಲೆ ಕೇಳಿ ಕಂಗಾಲಾದ ತಾಯಿ, ಬೆಲೆಯನ್ನು ಕೇಳದೆ ಬೇರೇನನ್ನೋ ಕೇಳಿದ ಅಜ್ಜಿ: ಇಷ್ಟು ಜನ ಸಾಕು, ನಡುಮನೆಯಲ್ಲಿ ಒಂದು ವಿಚಾರಗೋಷ್ಠಿ ನಡೆಯಲು.

"ಆರು ಸಾವಿರವೇನೇ? ಇಷ್ಟು ಪುಡಿಗೆ? ಆ ದುಡ್ಡಿನಲ್ಲಿ ಒಂದು ಸೀರೆ ಬರುತ್ತಿತ್ತಲ್ಲೇ!" ಎಂದು ತಾಯಿ.

"ಸೀರೆ ಎಷ್ಟಿವೆಯಮ್ಮ ಮನೆಯಲ್ಲಿ! ಕಣ್ಣಿಗೆ ಹಚ್ಚುವುದನ್ನು ಸಂತೆಯಲ್ಲಿ ಕೊಳ್ಳುವುದಕ್ಕೆ ಆಗುತ್ತದೆಯೇ? ಒಳ್ಳೆಯ ಕಂಪೆನಿಯದ್ದಾದರೆ ಕಣ್ಣು ಉರಿಯುವುದಿಲ್ಲ" ಎಂದು ಮಗಳು.

"ಅದನ್ನು ಏನರಿಂದ ಮಾಡುತ್ತಾರೆ ಮಗಾ?" ಎಂದು ಅಜ್ಜಿ.

ಮೂರನೆಯ ಪ್ರಶ್ನೆಗೆ ಸಾಮಾನ್ಯವಾಗಿ ಯಾವ ಮನೆಯಲ್ಲಿಯೂ ಉತ್ತರ ಸಿಕ್ಕುವುದಿಲ್ಲ. ಆದರೆ ಮೊದಲನೆಯ ಎರಡು ಮಾತುಗಳ ಇತ್ಯರ್ಥವಾಗಬೇಕಾದರೂ ಮೂರನೆಯದನ್ನು ಮೊದಲು ಬಿಡಿಸಬೇಕು.

ಪೆಟ್ಟಿಗೆಯ ಹಿಂಬದಿಯಲ್ಲಿಯೋ ಹೊರಗಿನ ರಟ್ಟಿನ ಮೇಲೋ ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಘಟಕಗಳ ಪಟ್ಟಿಯಿರುತ್ತದೆ. ಅದರ ಕೊನೆಯಲ್ಲಿ ಐದಂಕಿಯ ಕೆಲವು ಸಂಖ್ಯೆಗಳು. ಇವು ಬಣ್ಣಗಳ ಅಂತರರಾಷ್ಟ್ರೀಯ ಗುರುತುಗಳು. ಯಾವ ದೇಶದ ಯಾವ ಕಂಪೆನಿಯಾದರೂ ಸಂಖ್ಯೆ ಬದಲಾಗುವುದಿಲ್ಲ. 77491 ಎಂದರೆ ಕೆಂಪು, 77492 ಎಂದರೆ ಹಳದಿ, 77499 ಎಂದರೆ ಕಪ್ಪು. ಮೂರೂ ಕಬ್ಬಿಣದ ಆಕ್ಸೈಡುಗಳು. ಮನೆಮಾತಿನಲ್ಲಿ ಹೇಳುವುದಾದರೆ ತುಕ್ಕಿನ ಬಂಧುಗಳು. ಹಳ್ಳಿಯ ಮನೆಗಳ ಗೋಡೆಯಂಚಿಗೆ ಹಬ್ಬದ ಹಿಂದಿನ ದಿನ ಬಳಿಯುತ್ತಿದ್ದ ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಇದೇ ವಸ್ತು. ಪ್ಯಾರಿಸಿನ ಹೆಸರು ಹೊತ್ತ ಕಂದು, ಕಾಫಿ, ತಾಮ್ರದ ಬಣ್ಣಗಳೆಲ್ಲ ಬಹುಮಟ್ಟಿಗೆ ಈ ಮೂರರ ಹದವಾದ ಬೆರಕೆ. ಒಂದು ಭೇದವನ್ನು ಮಾತ್ರ ಹೇಳಲೇಬೇಕು. ನೆಲದಿಂದ ಅಗೆದ ಮಣ್ಣಿನಲ್ಲಿ ಸೀಸ, ಪಾಷಾಣಗಳ ಸೋಂಕು ಇರಬಹುದಾದ ಕಾರಣ ಸೌಂದರ್ಯಸಾಧನಗಳಿಗೆ ಬಳಸುವ ಕಬ್ಬಿಣದ ಬಣ್ಣವನ್ನು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ. ನೈಸರ್ಗಿಕವಾದುದೆಲ್ಲ ಒಳ್ಳೆಯದೆಂಬ ಇಂದಿನ ಜಾಹೀರಾತಿನ ಮಂತ್ರ ಇಲ್ಲಿ ತಲೆಕೆಳಗಾಗುತ್ತದೆ.

77288 ಕ್ರೋಮಿಯಮ್ಮಿನ ಹಸಿರು. ಕ್ರೋಮಿಯಮ್ ಸಿಗುವುದು ಕ್ರೋಮೈಟ್ ಎಂಬ ಅದಿರಿನಿಂದ. ಆ ಅದಿರಿನ ಗಣಿ ಬೆಳಗೊಳದವರಿಗೆ ದೂರದ ಮಾತಲ್ಲ. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಕಡೆಯ ಬೈರಾಪುರದಲ್ಲಿದೆ. ಅಲ್ಲಿಯ ಅದಿರೇ ಫ್ರಾನ್ಸಿಗೆ ಹೋಗಿ ರೆಪ್ಪೆಯ ಹಸಿರಾಗಿ ಬಂದಿತೆಂದು ಇದರ ಅರ್ಥವಲ್ಲ. ಕ್ರೋಮೈಟಿನ ದೊಡ್ಡ ಪಾಲು ಉಕ್ಕಿನ ಕೆಲಸಕ್ಕೆ ಹೋಗುತ್ತದೆ. ಗಾಜಿನ ಕಪಾಟಿನಲ್ಲಿ ಪರದೇಶಿಯಂತೆ ಕಾಣುವ ವಸ್ತುವಿನ ಮೂಲ ಪಕ್ಕದ ಹಳ್ಳಿಯ ಮಣ್ಣಿನಲ್ಲಿಯೂ ಇದೆಯೆಂದಷ್ಟೇ ಮಾತು.

77019 ಅಭ್ರಕ. ಕನ್ನಡದಲ್ಲಿ ಅದಕ್ಕೆ ಎಷ್ಟು ಚೆಂದದ ಹೆಸರಿದೆ! ಕಾಗೆಬಂಗಾರ. ಮಕ್ಕಳು ಹೊಲದ ಬದುವಿನಲ್ಲಿ ಆರಿಸಿಕೊಂಡು ಬಂಗಾರವೆಂದು ಜೇಬಿಗೆ ಹಾಕಿಕೊಳ್ಳುವ ಆ ಹೊಳೆಯುವ ಪದರಗಲ್ಲೇ ರೆಪ್ಪೆಯ ಬಣ್ಣಕ್ಕೆ ಮಿಂಚು ಕೊಡುವುದು. ಅಭ್ರಕದ ಸೂಕ್ಷ್ಮವಾದ ಚೂರುಗಳ ಮೇಲೆ ಟೈಟೇನಿಯಮ್ ಡೈಆಕ್ಸೈಡಿನ ತೆಳುವಾದ ಲೇಪ ಕೊಡುತ್ತಾರೆ. ಲೇಪ ಬಹಳ ತೆಳುವಾಗಿದ್ದರೆ ಬೆಳ್ಳಿಯಂತೆ ಹೊಳೆಯುತ್ತದೆ. ಸ್ವಲ್ಪ ದಪ್ಪವಾದರೆ ಹೊನ್ನು, ಇನ್ನೂ ದಪ್ಪವಾದರೆ ಕೆಂಪು, ನೀಲಿ, ಹಸಿರು. ಬಣ್ಣವೇ ಇಲ್ಲದ ಎರಡು ವಸ್ತುಗಳು ಸೇರಿ ಬೆಳಕನ್ನು ಒಡೆದು ಬಣ್ಣವನ್ನು ಹುಟ್ಟಿಸುತ್ತವೆ. ಸೋಪಿನ ಗುಳ್ಳೆಯ ಮೇಲೆ ಕಾಣುವ ಬಣ್ಣದ ಜಾತಿಯೇ ಇದು. ದುಬಾರಿ ಪೆಟ್ಟಿಗೆಯ ಮಾಯೆ ಹೆಚ್ಚಾಗಿ ಇರುವುದು ಇಲ್ಲಿ. ಚೂರುಗಳ ಗಾತ್ರ ಸಮನಾಗಿರಬೇಕು, ಲೇಪ ಸಮನಾಗಿರಬೇಕು, ಪುಡಿಯನ್ನು ಹಿಡಿದಿಡುವ ಎಣ್ಣೆಯಂಶ ಹೆಚ್ಚೂ ಆಗಬಾರದು ಕಡಿಮೆಯೂ ಆಗಬಾರದು. ಅಗ್ಗದ ಬಣ್ಣಗಳಲ್ಲಿ ತುಂಬುಪುಡಿಯ ಪಾಲು ಹೆಚ್ಚಾಗಿ ಬಣ್ಣದ ಪಾಲು ಕಡಿಮೆಯಾಗುವುದುಂಟು. ಅಂಥದನ್ನು ಬಿಳಿಯ ಚರ್ಮಕ್ಕೆ ಹಚ್ಚಿದರೆ ತಿಳಿಯದೆ ಹೋಗಬಹುದು. ಎಣ್ಣೆಗೆಂಪು, ಕಂದು, ಕಪ್ಪು ಮೈಬಣ್ಣದ ನಮ್ಮ ಕಡೆಯ ಹೆಣ್ಣುಮಕ್ಕಳು ಹಚ್ಚಿಕೊಂಡರೆ ರೆಪ್ಪೆಗೆ ವಿಭೂತಿ ಬಳಿದಂತೆ ಕಾಣುತ್ತದೆ.

ಇದು ದುಬಾರಿ ಪೆಟ್ಟಿಗೆಯ ಪರವಾಗಿ ಹೇಳಬೇಕಾದ ಮೊದಲನೆಯ ಮಾತು, ಮತ್ತು ನ್ಯಾಯವಾದ ಮಾತು. ಮದುವೆಯ ಮಂಟಪದಲ್ಲಿ ಹೋಮದ ಹೊಗೆಗೆ ಕಣ್ಣು ತುಂಬುತ್ತದೆ, ದೀಪದ ಕಾವಿಗೆ ಹಣೆ ಬೆವರುತ್ತದೆ, ತವರು ಬಿಡುವ ಗಳಿಗೆಯಲ್ಲಿ ಅಳುವುದಂತೂ ಇದ್ದೇ ಇದೆ. ಸಡಿಲವಾದ ಪುಡಿ ಆಗ ರೆಪ್ಪೆಯ ಮಡಿಕೆಯಲ್ಲಿ ಗೆರೆಗಟ್ಟುತ್ತದೆ, ಕೆನ್ನೆಗೆ ಉದುರುತ್ತದೆ, ಕಣ್ಣಿನೊಳಕ್ಕೂ ಬೀಳುತ್ತದೆ. ಚೆನ್ನಾಗಿ ಅರೆದು ಒತ್ತಿದ ಬಣ್ಣ ಅಷ್ಟು ಸುಲಭವಾಗಿ ಕದಲುವುದಿಲ್ಲ. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವವರಿಗೆ ಇದು ಅಲಂಕಾರದ ಪ್ರಶ್ನೆಯಲ್ಲ, ಸುಖದುಃಖದ ಪ್ರಶ್ನೆ.

ಇನ್ನು ತಾಯಿಯ ಲೆಕ್ಕ. ಬೆಲೆ 6,000 ರೂಪಾಯಿ ಎಂದಿಟ್ಟುಕೊಂಡು ವಾರಕ್ಕೆ ಆರು ದಿನದಂತೆ ಎರಡು ವರ್ಷ ಬಳಸಿದರೆ ಸಲಕ್ಕೆ ಸುಮಾರು 10 ರೂಪಾಯಿ ಬೀಳುತ್ತದೆ. ಬೆಂಗಳೂರಿನಲ್ಲಿ ಒಂದು ಲೋಟ ಕಾಫಿಗೆ ಕೊಡುವ ಹಣಕ್ಕೆ ಹೋಲಿಸಿದರೆ ದುಬಾರಿಯೆನ್ನುವಂತಿಲ್ಲ. ಆದರೆ ಹಾಗೆ ಬಳಸುವವರು ಎಷ್ಟು ಮಂದಿ? ಮದುವೆ, ಮುಂಜಿ, ಗೃಹಪ್ರವೇಶ ಎಂದು ವರ್ಷಕ್ಕೆ ಆರು ಸಲ ತೆರೆದರೆ ಎರಡು ವರ್ಷಕ್ಕೆ ಹನ್ನೆರಡು ಸಲ. ಸಲಕ್ಕೆ 500 ರೂಪಾಯಿ. ತೆರೆದಿಟ್ಟ ಪುಡಿ ಎಂದೆಂದಿಗೂ ಬಾಳುವುದೂ ಅಲ್ಲ. ಮುಚ್ಚಳ ತೆಗೆದ ಡಬ್ಬಿಯ ಚಿತ್ರವೊಂದು ಹೊರಗಿನ ರಟ್ಟಿನ ಮೇಲೆ ಇರುತ್ತದೆ. ಅದರೊಳಗಿನ 12 ಅಥವಾ 24 ಎಂಬ ಅಂಕಿ ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂಬುದರ ಸೂಚನೆ. ಐದು ಬಿಲ್ಲೆಗಳಲ್ಲಿ ಎರಡರ ತಳ ಕಾಣುತ್ತದೆ, ಉಳಿದ ಮೂರು ಹೊಸದಾಗಿಯೇ ಮುದಿಯಾಗುತ್ತವೆ ಎಂಬುದು ಇಂಥ ಪೆಟ್ಟಿಗೆಗಳನ್ನು ಕೊಂಡ ಮನೆಗಳೆಲ್ಲದರ ಕಥೆ. ಆಭರಣದ ಪೆಟ್ಟಿಗೆಯಂಥ ಆ ಮುಚ್ಚಳಕ್ಕೆ, ಕನ್ನಡಿಗೆ, ಹೆಸರಿಗೆ, ಜಾಹೀರಾತಿಗೆ, ಆಮದು ಸುಂಕಕ್ಕೆ ಎಷ್ಟು ಹಣ ಹೋಯಿತೆಂದು ತಾಯಿ ಕೇಳಿದರೆ ಅದು ಜಿಪುಣತನವಲ್ಲ.

ತೆರಿಗೆಯ ವಿಷಯದಲ್ಲಿ ಒಂದು ಸ್ವಾರಸ್ಯ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕುಂಕುಮ, ಬಿಂದಿ, ಬಳೆ ಮತ್ತು ಡಬ್ಬಿಯ ಕಾಡಿಗೆಗೆ ತೆರಿಗೆಯೇ ಇರಲಿಲ್ಲ. ರೆಪ್ಪೆಯ ಬಣ್ಣಕ್ಕೆ ಶೇಕಡಾ 28 ಇತ್ತು, ನವೆಂಬರಿನಲ್ಲಿ ಅದು 18ಕ್ಕೆ ಇಳಿಯಿತು. ಕಾಡಿಗೆ ಅವಶ್ಯಕತೆ, ರೆಪ್ಪೆಯ ಬಣ್ಣ ವಿಲಾಸ ಎಂದು ಸರ್ಕಾರವೇ ಗೆರೆ ಎಳೆದಂತಾಯಿತು. ಎರಡೂ ಹಚ್ಚುವುದು ಒಂದೇ ಕಣ್ಣಿಗೆ, ಅರ್ಧ ಬೆರಳಿನ ಅಂತರದಲ್ಲಿ.

ಹಾಗಾದರೆ ಅಜ್ಜಿಯ ಕಾಲದ ಕಾಡಿಗೆಯೇ ಲೇಸೆ? ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಟ್ಟೆಯನ್ನು ನೆನೆಸಿ, ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಉರಿಸಿ, ಮೇಲೆ ತಾಮ್ರದ ತಟ್ಟೆ ಕವುಚಿ, ಬೆಳಗಾಗುವ ಹೊತ್ತಿಗೆ ಕೂಡಿದ ಮಸಿಯನ್ನು ಬೆಣ್ಣೆಯಲ್ಲಿಯೋ ಹರಳೆಣ್ಣೆಯಲ್ಲಿಯೋ ಕಲಸಿ ಇಡುತ್ತಿದ್ದ ಕಾಡಿಗೆಯ ನೆನಪು ಯಾರ ಮನಸ್ಸನ್ನೂ ಮೃದುವಾಗಿಸುತ್ತದೆ. ಅದರಲ್ಲಿರುವುದು ಇಂಗಾಲ ಮತ್ತು ಎಣ್ಣೆ. ಸೀಸ ಸೇರಲು ಕಾರಣವಿಲ್ಲ. ಆದರೂ ಒಂದೇ ಡಬ್ಬಿಗೆ ಮನೆಮಂದಿಯೆಲ್ಲ ಬೆರಳಿಟ್ಟರೆ ಒಬ್ಬರ ಕಣ್ಣುಬೇನೆ ಎಲ್ಲರ ಕಣ್ಣುಬೇನೆಯಾಗುತ್ತದೆ. ಹಸುಗೂಸಿನ ಕಣ್ಣೊಳಗೆ ಬೆರಳಿಂದ ತೀಡುವುದು ಬೇಡವೆಂದು ಕಣ್ಣಿನ ವೈದ್ಯರು ಹೇಳುವುದು ಈ ಕಾರಣಕ್ಕೇ. ದೃಷ್ಟಿಯಾಗದಿರಲೆಂದು ಕೆನ್ನೆಗೋ ಅಂಗಾಲಿಗೋ ಚುಕ್ಕೆಯಿಟ್ಟರೆ ಅಜ್ಜಿಯ ಮನಸ್ಸಿಗೂ ಸಮಾಧಾನ, ಮಗುವಿನ ಕಣ್ಣಿಗೂ ಸಮಾಧಾನ.

ನಿಜವಾದ ಅಪಾಯ ಇರುವುದು ಮನೆಯ ಹಣತೆಯಲ್ಲೂ ಅಲ್ಲ, ಪ್ಯಾರಿಸಿನ ಪೆಟ್ಟಿಗೆಯಲ್ಲೂ ಅಲ್ಲ. ಎರಡರ ನಡುವಣ ಹೆಸರಿಲ್ಲದ ಸರಕಿನಲ್ಲಿ. ಜಾತ್ರೆಯ ಸಾಲಂಗಡಿಗಳಲ್ಲಿ, ಬಸ್ ನಿಲ್ದಾಣದ ತಳ್ಳುಗಾಡಿಗಳಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಮಾರುವ ಕಪ್ಪು ಪುಡಿಗಳಿಗೆ, ಹೊಳೆಯುವ ಸುರ್ಮಾಗಳಿಗೆ ಊರಿಲ್ಲ, ಹೆಸರಿಲ್ಲ. ಅಂಜನಕ್ಕೆ ಅಂಜನಶಿಲೆಯನ್ನು ಅರೆಯಬೇಕೆಂಬ ಹಳೆಯ ರೂಢಿಯಲ್ಲಿ ಈಗ ಅರೆಯುವುದು ಬಹುಪಾಲು ಸೀಸದ ಗಂಧಕದ ಅದಿರನ್ನು. ಅದು ಕಪ್ಪಾಗಿ, ತಂಪಾಗಿ, ಮಿನುಗುತ್ತ ಇರುತ್ತದೆ. ಮಕ್ಕಳ ಕಣ್ಣಿಗೆ ತೀಡಿದರೆ ಕೈಬೆರಳಿನಿಂದ ಬಾಯಿಗೆ ಹೋಗಿ ರಕ್ತಕ್ಕೆ ಸೇರುತ್ತದೆ. ಬೆಳೆಯುವ ಮಗುವಿನ ಮಿದುಳಿಗೆ ಸೀಸ ಮಾಡುವ ಕೇಡು ಮರಳಿ ಸರಿಹೋಗುವಂಥದಲ್ಲ. ಡಿಯೋರ್ ಎಂದೇ ಬರೆದ ಪೆಟ್ಟಿಗೆ ಮುನ್ನೂರು ರೂಪಾಯಿಗೆ ಸಿಕ್ಕಿತೆಂದು ಹಿಗ್ಗುವವರೂ ಇದೇ ಸಾಲಿಗೆ ಸೇರಿದವರು. ಹೆಸರು ದೊಡ್ಡದಾದಷ್ಟೂ ನಕಲಿಗೆ ಲಾಭ ಹೆಚ್ಚು; ನಕಲಿಯ ಒಳಗೇನಿದೆಯೆಂದು ಹೇಳುವ ಹೊಣೆ ಯಾರ ಮೇಲೂ ಇಲ್ಲ.

ಹೊಣೆ ಹೊರಿಸುವ ಕಾನೂನು ಭಾರತದಲ್ಲಿ ಇಲ್ಲದೆ ಇಲ್ಲ. 1940ರ ಔಷಧ ಮತ್ತು ಸೌಂದರ್ಯಸಾಧನಗಳ ಕಾಯಿದೆಯ ಅಡಿಯಲ್ಲಿ ಈಗ ನಡೆಯುತ್ತಿರುವುದು 2020ರ ಸೌಂದರ್ಯಸಾಧನ ನಿಯಮಗಳು. ಬಣ್ಣ ಹಾಕಲು ಸೀಸದ ಅಥವಾ ಪಾಷಾಣದ ಸಂಯುಕ್ತಗಳನ್ನು ಬಳಸುವಂತಿಲ್ಲ. ಬಣ್ಣದಲ್ಲಿ ಅಕಸ್ಮಾತ್ತಾಗಿ ಉಳಿದಿರಬಹುದಾದ ಸೀಸ ಹತ್ತು ಲಕ್ಷದಲ್ಲಿ 20 ಭಾಗಕ್ಕಿಂತಲೂ ಪಾಷಾಣ 2 ಭಾಗಕ್ಕಿಂತಲೂ ಮೀರಕೂಡದು. ಆಮದಾದ ಪೆಟ್ಟಿಗೆಯ ಮೇಲೆ ನೋಂದಣಿ ಪತ್ರದ ಸಂಖ್ಯೆ, ಆಮದು ಮಾಡಿದವರ ಹೆಸರು ವಿಳಾಸ ಇರಬೇಕು. ದೇಶದಲ್ಲಿ ತಯಾರಾದುದರ ಮೇಲೆ ಲೈಸೆನ್ಸಿನ ಸಂಖ್ಯೆ, ತಯಾರಿಯ ತಂಡದ ಸಂಖ್ಯೆ, ಅವಧಿ ಇರಬೇಕು. ಇಲ್ಲಿ ಗಮನಿಸಬೇಕಾದ ಸಂಗತಿ ಇಷ್ಟೆ: ಈ ಕಾನೂನು ಆರು ಸಾವಿರದ ಪೆಟ್ಟಿಗೆಗೂ ಮುನ್ನೂರರ ಡಬ್ಬಿಗೂ ಒಂದೇ. ಟಾಟಾದವರು 1952ರಲ್ಲಿ ಆರಂಭಿಸಿ 1998ರಲ್ಲಿ ಹಿಂದೂಸ್ತಾನ್ ಲೀವರಿಗೆ ಬಿಟ್ಟುಕೊಟ್ಟ ಲ್ಯಾಕ್ಮೆಯೂ ಅದನ್ನೇ ಪಾಲಿಸಬೇಕು, ಡಿಯೋರೂ ಅದನ್ನೇ ಪಾಲಿಸಬೇಕು. ಕಣ್ಣಿನ ಕ್ಷೇಮಕ್ಕಾಗಿ ಹೆಚ್ಚು ಬೆಲೆ ಕೊಟ್ಟೆನೆಂಬ ಮಗಳ ವಾದ ತಳ್ಳುಗಾಡಿಯ ಎದುರಿಗೆ ಗೆಲ್ಲುತ್ತದೆ, ಚನ್ನರಾಯಪಟ್ಟಣದ ಔಷಧದಂಗಡಿಯಲ್ಲಿ ವಿಳಾಸಸಹಿತ ಸಿಗುವ ಕೆಲವು ನೂರು ರೂಪಾಯಿಗಳ ಡಬ್ಬಿಯ ಎದುರಿಗೆ ಗೆಲ್ಲುವುದಿಲ್ಲ. ಅಲ್ಲಿ ಅವಳು ಹೆಚ್ಚಿಗೆ ಕೊಟ್ಟದ್ದು ಹೊಳಪಿಗೆ, ಹದಕ್ಕೆ, ಹೆಸರಿಗೆ. ಕೊಡಬಾರದೆಂದಲ್ಲ. ಯಾವುದಕ್ಕೆ ಕೊಟ್ಟೆನೆಂದು ತಿಳಿದು ಕೊಡಲಿ.

ಈಗ ಅಜ್ಜಿಯ ಪ್ರಶ್ನೆಗೆ ಮರಳಬೇಕು, ಏಕೆಂದರೆ ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆ ಉಳಿದಿದೆ: 75470. ಇದು ಕಾರ್ಮೈನ್, ಗುಲಾಬಿ, ಮಾಗಿದ ನೇರಳೆ, ದ್ರಾಕ್ಷಾರಸದ ಕೆಂಪುಗಳಿಗೆ ಜೀವ ತುಂಬುವ ಬಣ್ಣ. ಇದು ಗಣಿಯಿಂದ ಬರುವುದಲ್ಲ. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟವನ್ನು ಆರಿಸಿ, ಕೊಂದು, ಒಣಗಿಸಿ, ಅರೆದು ಇದನ್ನು ತೆಗೆಯುತ್ತಾರೆ. ಒಂದು ಕಿಲೋ ಒಣಗಿದ ಸರಕಿಗೆ ಲಕ್ಷಕ್ಕೂ ಮಿಕ್ಕಿ ಕೀಟಗಳು ಬೇಕು. ಇದರ ಬೆಳೆಯಲ್ಲಿ ದಕ್ಷಿಣ ಅಮೆರಿಕದ ಪೆರು ದೇಶ ಮೊದಲನೆಯದು. ಈ ಬಣ್ಣದ ಆಸೆಗೆ ಈಸ್ಟ್ ಇಂಡಿಯಾ ಕಂಪೆನಿಯವರು 1795ರಲ್ಲಿ ಕೊಚಿನೀಲನ್ನು ಭಾರತಕ್ಕೆ ತರಿಸಿದರು. ಬಂದದ್ದು ಬೇರೆ ಜಾತಿಯ ಕೀಟ. ಅದರ ಬಣ್ಣ ಕೀಳು, ಹಸಿವು ಮಾತ್ರ ಮೇಲು. ಅದು ದಕ್ಷಿಣದ ಒಂದು ಬಗೆಯ ಕಳ್ಳಿಯನ್ನೇ ತಿಂದು ಮುಗಿಸಿತು. ಅಂದಿನ ಕಂಪೆನಿಗೆ ದಕ್ಕದೆ ಹೋದ ಆ ಕೆಂಪು ಇಂದು ಕನ್ನಡಿಯ ಕೆಳಗಿನ ಬಿಲ್ಲೆಯಾಗಿ ತಾನೇ ಬರುತ್ತಿದೆ.

ಕಾರ್ಮೈನ್ ಕಣ್ಣಿಗೆ ಕೇಡಲ್ಲ. ಕೆಲವರಿಗೆ ಒಗ್ಗದಿರಬಹುದೆಂಬುದನ್ನು ಬಿಟ್ಟರೆ ಕಾನೂನೂ ಅದನ್ನು ಒಪ್ಪಿದೆ. ಬಿಸಿಲಿಗೆ ಮಾಸದ ಗುಣವಿರುವುದರಿಂದ ಹೆಸರುವಾಸಿಯಾದ ಕಂಪೆನಿಗಳೂ ಅದನ್ನು ಬಳಸುವುದುಂಟು. ಬೆಲೆ ಹೆಚ್ಚಾದ ಮಾತ್ರಕ್ಕೆ ಪೆಟ್ಟಿಗೆ ನಿರ್ಹಿಂಸೆಯಿಂದ ಬಂದದ್ದಾಗುವುದಿಲ್ಲ. ಬೇರೆ ಊರಿನ ಬೇರೆ ಮನೆಯಲ್ಲಿ ಇದು ದೊಡ್ಡ ವಿಷಯವಾಗದೆ ಹೋಗಬಹುದು. ಆದರೆ ಹೊತ್ತು ಮುಳುಗಿದ ಮೇಲೆ ದೀಪಕ್ಕೆ ಹುಳು ಬಿದ್ದೀತೆಂದು ಊಟವನ್ನೇ ಬಿಟ್ಟವರ, ನೀರನ್ನು ಸೋಸದೆ ಕುಡಿಯದವರ ಮನೆಯಲ್ಲಿ ಹುಳುವನ್ನೇ ಅರೆದ ಬಣ್ಣ ಮಗಳ ರೆಪ್ಪೆಯ ಮೇಲೆ ಕುಳಿತು ಧಾರೆಯ ಮಂಟಪಕ್ಕೆ ಬರುವುದೆಂದರೆ ಅದು ಬರಿಯ ಅಲಂಕಾರದ ಮಾತಾಗಿ ಉಳಿಯುವುದಿಲ್ಲ. ಅರಗು ಕೂಡ ಕೀಟದಿಂದಲೇ ಬರುವುದೆಂದು ಬಲ್ಲ ಜೈನ ಶ್ರಾವಕಾಚಾರ ಗ್ರಂಥಗಳು ಅರಗಿನ ವ್ಯಾಪಾರವನ್ನು ಬಿಡತಕ್ಕ ವ್ಯಾಪಾರಗಳ ಜೊತೆಗೆ ಎಣಿಸಿವೆ. ಬಣ್ಣ ಯಾವ ಜೀವದಿಂದ ಬಂತೆಂದು ಕೇಳುವ ಅಜ್ಜಿ ಹೊಸಕಾಲವನ್ನು ಅರಿಯದವಳಲ್ಲ. ಬಹಳ ಹಳೆಯ ಪ್ರಶ್ನೆಯನ್ನು ಸರಿಯಾದ ಕಡೆ ಕೇಳುತ್ತಿರುವವಳು.

ಹಾಗೆಂದು ಶಾಸ್ತ್ರವು ಗೃಹಸ್ಥರ ಕಣ್ಣಿನ ಅಂಜನವನ್ನು ಒರಸಿಹಾಕಿಲ್ಲ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಶ್ರಾವಕನು ಬಿಡಬೇಕಾದವುಗಳ ಪಟ್ಟಿಯಿದೆ. ಅಲಂಕಾರ, ಗಂಧ, ಹೂವು, ಸ್ನಾನ ಇವುಗಳ ಜೊತೆಗೆ ಅಂಜನದ ಹೆಸರೂ ಅದರಲ್ಲಿದೆ. ಅಷ್ಟಮಿ ಚತುರ್ದಶಿಗಳಂದು ಬಿಡು ಎಂದರೆ ಉಳಿದ ದಿನಗಳಲ್ಲಿ ಕಣ್ಣಿಗೆ ಅಂಜನ ಇತ್ತೆಂದೇ ಅರ್ಥ. ಅದೇ ಗ್ರಂಥ ಹೇಳುವ ಇನ್ನೊಂದು ವ್ರತ ಭೋಗೋಪಭೋಗ ಪರಿಮಾಣ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ. ಎರಡಕ್ಕೂ ಇಷ್ಟು ಸಾಕೆಂದು ತಾನೇ ಅಳತೆ ಗೊತ್ತುಮಾಡಿಕೊಳ್ಳಬೇಕು. ಆ ಲೆಕ್ಕದಲ್ಲಿ ರೆಪ್ಪೆಗೆ ಹಚ್ಚಿದ ಬಣ್ಣ ಭೋಗ, ಕನ್ನಡಿಯ ಪೆಟ್ಟಿಗೆ ಉಪಭೋಗವೆಂದು ಪಂಡಿತರು ವಾದಿಸಬಹುದು! ಇರಲಿ. ಅಳತೆಯನ್ನು ಹೊರಗಿನವರು ಗೊತ್ತುಮಾಡುವುದಿಲ್ಲವೆಂಬುದು ಇದರಲ್ಲಿ ಮುಖ್ಯ. ಮಗಳಿಗೆ ಹಣವನ್ನು ದುಡಿಯುವ ಸ್ವಾತಂತ್ರ್ಯ ಬಂದಂತೆ ಅಳತೆ ಹಾಕಿಕೊಳ್ಳುವ ಸ್ವಾತಂತ್ರ್ಯವೂ ಬಂದಿದೆ. ತಾಯಿ ಅದನ್ನು ಕಸಿದುಕೊಳ್ಳುವ ಬದಲು ಅಂಗಡಿಯ ಹುಡುಗಿ ಕಸಿದುಕೊಳ್ಳದಂತೆ ನೋಡಿಕೊಂಡರೆ ಮೇಲು.

ಕೀಟದ ಪ್ರಶ್ನೆಗೆ ಪರಿಹಾರ ಸುಲಭ. 75470 ಇಲ್ಲದ ಕಂದು, ಹೊನ್ನು, ಹಸಿರು ಬಣ್ಣಗಳ ಪೆಟ್ಟಿಗೆಗಳು ಎಲ್ಲ ಬೆಲೆಯಲ್ಲಿಯೂ ಇವೆ. ಕೆಲವು ಪೆಟ್ಟಿಗೆಗಳ ಮೇಲೆ ಹಸಿರು ಚುಕ್ಕೆಯೂ ಇರುತ್ತದೆ. ಜೇನುಮೇಣ, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದಾದ ಸ್ಟಿಯರೇಟುಗಳು ಇವನ್ನೂ ವಿಚಾರಿಸಬೇಕೆನ್ನುವವರು ಕಂಪೆನಿಗೇ ಬರೆದು ಕೇಳಬಹುದು. ಅಷ್ಟು ಬೆಲೆ ತೆಗೆದುಕೊಂಡವರು ಉತ್ತರ ಕೊಡಬೇಕಾದದ್ದೇ.

ಸುಲಭವಲ್ಲದ್ದು ಕಾಗೆಬಂಗಾರದ ಪ್ರಶ್ನೆ. ಭಾರತದ ಅಭ್ರಕದ ಹೆಸರಾಂತ ಸೀಮೆ ಜಾರ್ಖಂಡಿನ ಕೊಡರ್ಮಾ, ಗಿರಿಡಿ ಮತ್ತು ಅದಕ್ಕೆ ಹೊಂದಿದ ಬಿಹಾರದ ನವಾದಾ. ಮುಚ್ಚಿಹೋದ ಗಣಿಗಳ ಸುತ್ತ ಉಳಿದ ಚೂರುಗಳನ್ನು ಅಲ್ಲಿಯ ಜನ ಢಿಬ್ರಾ ಎನ್ನುತ್ತಾರೆ. ಇಲಿಬಿಲದಂಥ ಸುರಂಗಗಳಿಗೆ ಇಳಿದು ಅದನ್ನು ಆರಿಸುವವರಲ್ಲಿ ಶಾಲೆಗೆ ಹೋಗಬೇಕಾದ ಮಕ್ಕಳೂ ಇದ್ದಾರೆಂಬುದು ಬಹಳ ಕಾಲದಿಂದ ತಿಳಿದದ್ದು. 2016ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ನಡೆಸಿದ ತನಿಖೆಯಲ್ಲಿ ಎರಡು ತಿಂಗಳ ಅವಧಿಯಲ್ಲಿ ಏಳು ಮಕ್ಕಳು ಈ ಕೆಲಸದಲ್ಲಿ ಸತ್ತ ಸಂಗತಿ ಹೊರಬಿತ್ತು, ಸಾವುಗಳನ್ನು ಮುಚ್ಚಿಹಾಕಲಾಗಿತ್ತು. ಮರುವರ್ಷ ಪ್ಯಾರಿಸಿನಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಕೂಟ ಹುಟ್ಟಿತು. ಲೋರೆಯಾಲ್, ಶನೆಲ್ ಮೊದಲಾದ ದೊಡ್ಡ ಕಂಪೆನಿಗಳು ಅದಕ್ಕೆ ಸೇರಿದವು. ಕಾರ್ಖಾನೆಯಲ್ಲಿಯೇ ತಯಾರಿಸುವ ಕೃತಕ ಅಭ್ರಕಕ್ಕೆ ತಿರುಗಿದ ಕಂಪೆನಿಗಳೂ ಇವೆ. ಪಟ್ಟಿಯಲ್ಲಿ ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್ ಎಂಬ ಬಾಯಿಗೆ ಸಿಗದ ಹೆಸರು ಕಂಡರೆ ಅದು ಇದೇ.

ದೊಡ್ಡ ಹೆಸರಿನ ಕಂಪೆನಿಯ ಪರವಾಗಿ ಹೇಳಬಹುದಾದ ಎರಡನೆಯ ಮಾತು ಇಲ್ಲಿದೆ. ಹೆಸರು ಉಳ್ಳವರಿಗೆ ಹೆಸರು ಕೆಡುವ ಭಯವಿದೆ. ಪತ್ರಿಕೆಯವರು ಕೇಳಿದರೆ, ಗಿರಾಕಿಗಳು ಕೇಳಿದರೆ ಅಭ್ರಕ ಎಲ್ಲಿಂದ ತರಿಸಿದೆವೆಂದು ಹೇಳಬೇಕಾಗುತ್ತದೆ. ವಿಳಾಸವಿಲ್ಲದ ಡಬ್ಬಿಯ ಅಭ್ರಕವನ್ನು ಯಾರು ಕೇಳಬೇಕು, ಎಲ್ಲಿ ಕೇಳಬೇಕು? ಆದರೆ ಕೂಟಕ್ಕೆ ಸೇರಿದ ಮಾತ್ರಕ್ಕೆ ಸುರಂಗಗಳಲ್ಲಿ ಮಕ್ಕಳಿಲ್ಲವೆಂದಾಗುವುದಿಲ್ಲ. ಚೂರು ಆರಿಸಿದ ಮನೆಯಿಂದ ಪೆಟ್ಟಿಗೆಯವರೆಗೆ ಅಭ್ರಕ ಹತ್ತು ಕೈ ದಾಟಿ ಬರುತ್ತದೆ, ಮೊದಲ ಕೈ ಯಾರದೆಂದು ಕೊನೆಯ ಕೈಗೆ ತಿಳಿಯದಂತೆಯೇ ಆ ವ್ಯಾಪಾರ ಬೆಳೆದಿದೆ. ಅಲ್ಲದೆ ಚೂರು ಆರಿಸುವುದನ್ನು ನಿಲ್ಲಿಸಿಬಿಟ್ಟರೆ ಆ ಮನೆಗಳ ಒಲೆ ಹೇಗೆ ಉರಿಯಬೇಕೆಂಬುದಕ್ಕೂ ಉತ್ತರ ಬೇಕು. ಆರು ಸಾವಿರದಲ್ಲಿ ಕೊಡರ್ಮಾದ ಆ ಮನೆಗೆ ಎಷ್ಟು ತಲುಪಿತೆಂಬ ಲೆಕ್ಕವನ್ನು ಯಾವ ಕಂಪೆನಿಯೂ ಪೆಟ್ಟಿಗೆಯ ಮೇಲೆ ಮುದ್ರಿಸುವುದಿಲ್ಲ.

ಊಹಿಸಿಕೊಂಡ ಮನೆಯವರು ಕೊನೆಗೆ ಏನು ಮಾಡಿದರೆಂಬುದು ಅವರ ಮನೆಯ ವಿಚಾರ. ಇಂಥ ಪೆಟ್ಟಿಗೆಯನ್ನು ಕೊಳ್ಳಲು ಹೊರಟವರು ಮಾತ್ರ ಒಂದು ಭೂತಕನ್ನಡಿಯನ್ನು ಜೊತೆಗೆ ಒಯ್ದರೆ ನಷ್ಟವಿಲ್ಲ. ಹೊರಗಿನ ರಟ್ಟನ್ನು ಅಂಗಡಿಯಲ್ಲೇ ತಿರುಗಿಸಿ ನೋಡಬೇಕು. ಮನೆಗೆ ಬಂದ ಮೇಲೆ ಅದು ಕಸದ ಬುಟ್ಟಿಗೆ ಹೋಗಿಬಿಡುತ್ತದೆ, ಅಂಕಿಗಳಿರುವುದು ಬಹುಮಟ್ಟಿಗೆ ಅದರ ಮೇಲೆಯೇ. ಒಂದೇ ಬಣ್ಣ ಬೇಕಾದವರಿಗೆ ಬಿಡಿ ಬಿಲ್ಲೆಗಳೂ ಸಿಗುತ್ತವೆ. ಪರೀಕ್ಷೆಗೆಂದು ಇಟ್ಟ ಡಬ್ಬಿಯನ್ನು ಮೊಣಕೈಯ ಒಳಬದಿಗೆ ಹಚ್ಚಿ ನೋಡಬಹುದು, ಕಣ್ಣಿಗೆ ಬೇಡ. ಹಿಂದಿನ ನೂರು ಮಂದಿಯ ಬೆರಳು ಅದರಲ್ಲಿ ಅದ್ದಿರುತ್ತದೆ. ಮದುವೆಗೆ ಒಂದು ವಾರ ಮೊದಲೇ ಒಂದು ಸಂಜೆ ಹಚ್ಚಿಕೊಂಡು, ರಾತ್ರಿ ಮಲಗುವ ಮುನ್ನ ತೊಳೆದು, ಬೆಳಗ್ಗೆ ರೆಪ್ಪೆ ಊದಿದೆಯೇ ಎಂದು ನೋಡಿಕೊಳ್ಳುವುದು ಕ್ಷೇಮ. ತೊಳೆಯಲು ಬರಿಯ ನೀರು ಸಾಲದು, ಹತ್ತಿಗೆ ಒಂದೆರಡು ಹನಿ ಶುದ್ಧವಾದ ಕೊಬ್ಬರಿ ಎಣ್ಣೆ ಹಾಕಿ ಮುಚ್ಚಿದ ರೆಪ್ಪೆಯನ್ನು ಹಗುರವಾಗಿ ಒರಸಬೇಕು, ಉಜ್ಜಬಾರದು.